ಟರ್ಬೊ ಲಾರಿಯ ಪೈಪು, ಉಸ್ತಾದರ ಗಂಟು

"ಸೈಲೆನ್ಸರ್ ತಗದು ದೊಡ್ಡ ಪೈಪ್ ಹಾಕ್ಸೀನಿ, ಪಂಪ್ ಸೆಟ್ ಮಾಡಸಬೇಕೇನ್ರಿ?" ಅಂತ ಇವತ್ತಿಗೂ ಯಾರರ ಕೇಳಿದ್ರ ನನ್ನ ಸಿಟ್ಟು ನೆತ್ತಿಗೇರತೈತಿ.

ತೊಂಬತ್ತರ ದಶಕ ಮುಗಿಯೂ ಹೊತ್ತಿನ ಮಾತು. ಚಿಕ್ಕೋಡ್ಯಾಗ ನಂದು ಲಾರಿ ಇಂಜಿನ್ನಿಗೆ ಡೀಸೆಲ್ ಬಿಡೂ ಪಂಪಿನ ರಿಪೇರಿ ಅಂಗಡಿ. ಟರ್ಬೊ ಇಂಜಿನ್ನಿನ ಲಾರಿ ನಮ್ಮ ಕಡೆ ಆಗಷ್ಟ ಬರಾಕತ್ತಿದ್ದು. ಅಲಖನೂರ ಕಡೆಯ ಒಬ್ಬ ಸಾವ್ಕಾರ ಅಂಥಾದೊಂದು ತಂದು ಫ್ಯಾಕ್ಟರಿಗೆ ಕಬ್ಬು ಹೊಡಿತಿದ್ದ. ಅದರ ಪಂಪ್ ನಾನ ಸೆಟ್ ಮಾಡಿ, ಡೀಸೆಲ್ ಹೆಚ್ಚು-ಕಡಿಮಿ ಮಾಡೂ ಸ್ಕ್ರೂಗೆ ತಂತಿ ಸುತ್ತಿ, ಸೀಸದ ಸೀಲ್ ಒತ್ತಿ ಕೊಟ್ಟಿದ್ದೆ. ಸೀಲ್ ಇರೂತನಕ ಜವಾಬ್ದಾರಿ ನಂದು, ಅದು ನಮ್ಮ ಧಂದೆದ ಪದ್ಧತಿ.

ಕಬ್ಬಿನ ಸುಗ್ಗ್ಯಾಗ ಒಂದಿನ ಬಂದ. ತೋಳ ಹೋಗುವಷ್ಟು ಅಗಲ ಪೈಪ್ ಹಾಕ್ಸ್ಯಾನ!

"ಆವಾಜ್ ಕೇಳ್ರಿ, ಹೆಂಗೈತಿ! ಆದ್ರೂ ಏರ ಬಂದ್ರ ಎಳೀವಲ್ದು ನೋಡ್ರಿ," ಅಂದ.

"ಆವಾಜ್ ಬಂದ್ರ ತಾಕತ್ತ ಬಂತೇನ್ರಿ? ಬರೇ ಪೈಪ್ ಸಾಕಂದ್ರ ಪಂಪ್ ಮುಟ್ಟೂದ ಬ್ಯಾಡ, ಹಂಗ ನಡಸ್ರಿ. ತಾಕತ್ತ ಬೇಕಂದ್ರ ಡೀಸೆಲ್ ಏರಸಬೇಕು. ಅದಕ್ಕ ಪಂಪ್ ಬಿಚ್ಚಿ ಮಷಿನ್ ಮ್ಯಾಲಿಟ್ಟು ಅಳೀಬೇಕು. ಎರಡ ದಿನ ಗಾಡಿ ನಿಲ್ಲತೈತಿ."

"ಸುಗ್ಗ್ಯಾಗ ಎರಡ ದಿನ? ನಿನಗ ಬರೂದಿಲ್ಲ ಅನ್ನು!" ಅಂತ ಹೊಂಟಬಿಟ್ಟ.

ಹೋಗಿದ್ದೆಲ್ಲಿಗಿ? ನಿಪ್ಪಾಣಿಗೆ, ನನ್ನ ಉಸ್ತಾದರ ಕಡೆ! ನಾ ಕೆಲಸ ಕಲತದ್ದ ಅವರ ಕೈಯಾಗ. ಇಂಜಿನ್ ಚಾಲೂ ಇಟ್ಟು, ಸ್ಕ್ರೂಡ್ರೈವರಿನ ಹಿಡಿಕಿ ಕಿವಿಗೆ ಹಚ್ಚಿಕೊಂಡು, ಆವಾಜ್ ಕೇಳಿ ಸೆಟ್ ಮಾಡಾವ್ರು. ಹಳೆ ಇಂಜಿನ್ನಿಗೆ ನಡೀತಿತ್ತು. ಟರ್ಬೊಕ್ಕ ಅದು ನಡಿಯೂದಿಲ್ಲ ಅಂತ ಎಷ್ಟ ಸಲ ಬಡಕೊಂಡಿದ್ದೆ. "ಮಷಿನ್ ನಿನಗ ಬೇಕು ಬೇಟಾ, ನನಗ ಕಿವಿ ಸಾಕು," ಅಂತಿದ್ರು. ಆ ಕಿವಿನೂ ಈಗೀಗ ಮಂದ ಆಗಿತ್ತು, ಗಿರಾಕಿಗೋಳಿಗೆ ಅದು ಗೊತ್ತಿರಲಿಲ್ಲ. ಎಂಥಾ ಹಟಾ ಮಾರಾಯಾ!

ಎಂಟ ದಿನಕ್ಕ ಲಾರಿ ಶಿರಗುಪ್ಪಿ ಹತ್ರ ಲೋಡಿನ್ಯಾಗ ನಿಂತಬಿಡ್ತು. ಪಿಸ್ಟನ್ ತೂತ ಬಿದ್ದಿತ್ತು. ಸಾವ್ಕಾರ ನಾಕ ಮಂದಿ ಡ್ರೈವರಗೋಳ್ನ ಕರಕೊಂಡು ಬಂದು, ಪಂಪ್ ನನ್ನ ಅಂಗಡಿ ಮುಂದ ಒಗದು, "ನನ್ನ ಇಂಜಿನ್ ಕೊಂದಾಂವ ಇವನ! ಇವನ ಕಡೆ ಯಾರೂ ಕೆಲಸಾ ಕೊಡಬ್ಯಾಡ್ರೋ!" ಅಂತ ಒದರಾಕ ಚಾಲೂ ಮಾಡಿದ.

ನನ್ನ ಮೈ ಎಲ್ಲಾ ಉರದುಹೋತು. ನನಗ ಅನ್ನಾ ಕೊಡೂದ ನನ್ನ ಹೆಸರು. ಪಂಪ್ ಎತ್ತಿ ನೋಡ್ದೆ. ನನ್ನ ಸೀಲ್ ಇಲ್ಲ, ಸ್ಕ್ರೂ ಸಿಕ್ಕಾಪಟ್ಟಿ ಒಳಗ ಹೋಗೇತಿ; ಡೀಸೆಲ್ ಹೆಚ್ಚಾಗಿ ಪಿಸ್ಟನ್ ಸುಟ್ಟೇತಿ. ಮ್ಯಾಲ ಬ್ಯಾರೆ ತಂತಿ, ಎಡಕ್ಕ ತಿರುವಿದ ಗಂಟು. ಯಾರ ಕೈಯಿಂದಂತ ನನಗ ಕೇಳಬೇಕೇನು? ಹಂಗ ಎಡಕ್ಕ ತಂತಿ ತಿರುವಾವ್ರು ಉಸ್ತಾದರೊಬ್ರ.

"ಈ ಗಂಟು ನಂದಲ್ಲಲೇ! ನಿಪ್ಪಾಣಿ ಮುದುಕಂದು! ಕಿವುಡನ ಕಡೆ ಪಂಪ್ ಸೆಟ್ ಮಾಡಿಸಿ ನನಗ ಬೈತಿ? ನಾಚಿಕಿ ಬರೂದಿಲ್ಲ ನಿನಗ?" ಅಂತ ರಸ್ತೆ ತುಂಬ ಕೇಳೂವಂಗ ಒದರಿದೆ.

ಸಾವ್ಕಾರ ಪಂಪ್ ಎತ್ತಿಕೊಂಡು ಹೊಂಟ. ನನ್ನ ಹೆಸರು ಉಳೀತು. ಆದ್ರ ಡ್ರೈವರಗೋಳ ಬಾಯಿ ಗೊತ್ತಲ್ಲ? "ಉಸ್ತಾದ ಕಿವುಡಂತ" ಅನ್ನೂ ಮಾತು ರಾಯಬಾಗ, ಅಥಣಿತನಕ ಹೋತು. ಅವರ ಅಂಗಡಿಗೆ ಪಂಪ್ ಬರೂದ ನಿಂತಹೋತು.

ತಿಂಗಳ ಬಿಟ್ಟು ನಿಪ್ಪಾಣಿಗೆ ಹೋದೆ. ಜಗಳಾಡಾಕ ಹೋಗಿದ್ದೆ, ಸುಳ್ಳ ಯಾಕ ಹೇಳ್ಲಿ. "ಕೇಳಸೂದಿಲ್ಲಂತ ಗೊತ್ತಿದ್ದೂ ಆ ಪಂಪ್ ಯಾಕ ಮುಟ್ಟಿದ್ರಿ ಉಸ್ತಾದ್ರ?" ಅಂತ ಹೊಸ್ತಲದಾಗ ನಿಂತು ಗದರಿದೆ.

ಅವರು ನನ್ನ ತುಟಿ ನೋಡಕೋತ ಕುಂತಿದ್ರು. ಆಮ್ಯಾಲ ಸಾವಕಾಶ ಅಂದ್ರು: "ತಪ್ಪ ನಂದ ಐತಿ. ನನಗೊಬ್ಬಂಗ ಹೇಳಿದ್ರ ನಾನ ಚಿಕ್ಕೋಡಿಗೆ ಬಂದು, ಅಷ್ಟೂ ಮಂದಿ ಮುಂದ ನಿಂತು, ಆ ಗಂಟು ನಂದಂತ ಹೇಳ್ತಿದ್ದೆ. ಅಷ್ಟೂ ಭರೋಸಾ ಇರಲಿಲ್ಲೇನು ಬೇಟಾ, ನನ್ನ ಮ್ಯಾಲ?"