ಸೀಟಿಲ್ಲದ ಬೈಕು ಮಾರಿದ ವರ್ಷಗಳು

ನಾನೂ ನನ್ನ ತಮ್ಮನೂ ಸೇರಿ ಜೇವರ್ಗಿಯಲ್ಲಿ ಹೊರದೇಶದ ಬೈಕು ತರಿಸಿ ಮಾರುತ್ತಿದ್ದೆವು ಅಂದರೆ ಈಗಲೂ ಜನ ನಂಬುವುದಿಲ್ಲ. ಅದೂ ಎಂಥ ಬೈಕು! ಸೀಟಿಲ್ಲ, ಲೈಟಿಲ್ಲ, ಹಿಂದೆ ಒಬ್ಬರನ್ನು ಕೂಡಿಸಿಕೊಂಡು ಹೋಗುವ ಮಾತಂತೂ ಇಲ್ಲವೇ ಇಲ್ಲ. ರಸ್ತೆಯ ಮೇಲೆ ಓಡಿಸಲು ಅದಕ್ಕೆ ನಂಬರೂ ಸಿಗುವುದಿಲ್ಲ. ಟ್ರಯಲ್ಸ್ ಬೈಕು ಎನ್ನುತ್ತಾರೆ. ಸವಾರ ನಿಂತುಕೊಂಡೇ ಇರಬೇಕು. ಬಂಡೆ, ಹಳ್ಳ, ಇಳಿಜಾರು ಏನೇ ಬಂದರೂ ಕಾಲು ನೆಲಕ್ಕೆ ಊರದೆ ದಾಟಬೇಕು. ಈ ಆಟದಲ್ಲಿ ಯಾರು ಜೋರಾಗಿ ಹೋದರು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಕಾಲು ಊರಿದರೆ ಅಂಕ ಬೀಳುತ್ತದೆ, ಕಡಿಮೆ ಅಂಕ ಬಿದ್ದವನು ಗೆಲ್ಲುತ್ತಾನೆ.

ನಮ್ಮಪ್ಪನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ವಿಜಯಪುರ ರಸ್ತೆಗೆ ಮುಖಮಾಡಿದ ಎರಡು ಶೆಟರು, ಹಿಂದೆ ಒಂದು ಗೋದಾಮು. ತಮ್ಮ ಡಿಪ್ಲೊಮಾ ಓದುತ್ತೇನೆಂದು ಪುಣೆಗೆ ಹೋದವನು ಓದಿಗಿಂತ ಹೆಚ್ಚು ಒಂದು ಗ್ಯಾರೇಜಿನಲ್ಲಿ ಕಳೆದ. ಅಲ್ಲಿಯ ಸವಾರರ ಗುಂಪು ಭಾನುವಾರ ಹಳೆಯ ಕಲ್ಲಿನ ಖಣಿಗೆ ಹೋಗಿ ಇಂಥ ಬೈಕು ಹೊಡೆಯುತ್ತಿತ್ತು. ನಾನು ಮದುವೆಯಾಗಿ ನವಿ ಮುಂಬಯಿಗೆ ಹೋದವಳು, ಬಂದರಿನ ಸರಕು ಬಿಡಿಸಿಕೊಡುವ ಒಬ್ಬ ಏಜೆಂಟರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಯಾವ ಸರಕಿಗೆ ಯಾವ ಸುಂಕ, ಯಾವ ಕಾಗದ ಯಾರ ಟೇಬಲ್ಲಿಗೆ ಹೋಗಬೇಕು ಎಂಬುದು ನನಗೆ ಅಡಿಗೆಯಷ್ಟೇ ರೂಢಿಯಾಗಿತ್ತು. ನನ್ನ ಗಂಡನಿಗೆ ಜೇವರ್ಗಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿ ನಾವು ಊರಿಗೆ ಬಂದಾಗ ತಮ್ಮನೂ ಬಂದಿದ್ದ. ಒಂದು ಸಂಜೆ ಅಂಗಡಿಯಲ್ಲಿ ಕೂತು ಅವನು ಅಂದ:

"ಅಕ್ಕಾ, ಬೈಕ್ ನನಗ ಗೊತ್ತದ, ಪೋರ್ಟ್ ನಿನಗ ಗೊತ್ತದ. ಗೋದಾಮು ಅಪ್ಪಂದದ. ಇನ್ನೇನ್ ಬೇಕು?"

"ಕೊಳ್ಳೋರು ಬೇಕಲೇ," ಅಂದೆ.

ಕೊಳ್ಳುವವರು ಆಗ ಇದ್ದರು. ಪುಣೆ, ಕೊಲ್ಹಾಪುರ, ಬೆಂಗಳೂರು, ಕೊಯಮತ್ತೂರು, ಹೀಗೆ ಅಲ್ಲೊಬ್ಬರು ಇಲ್ಲೊಬ್ಬರು. ಎಲ್ಲರಿಗೂ ಎಲ್ಲರೂ ಗೊತ್ತು. ಸ್ಪೇನಿನ ಒಂದು ಕಾರ್ಖಾನೆಗೆ ನಾನು ಪತ್ರ ಬರೆದೆ. ಅವರಿಗೆ ನಮ್ಮ ಊರು ನಕ್ಷೆಯಲ್ಲಿ ಸಿಗಲಿಲ್ಲ, ಆದರೂ ಸರಕು ಕಳಿಸಿದರು. ಮೊದಲ ಪೆಟ್ಟಿಗೆ ಬಿಚ್ಚಿದ ದಿನ ಅಂಗಡಿಯ ತುಂಬ ಪೈನ್ ಕಟ್ಟಿಗೆಯ ವಾಸನೆ. ಅವ್ವ ಆ ಹಲಗೆಗಳನ್ನು ಒಂದೂ ಬಿಡದೆ ಮನೆಗೆ ಒಯ್ದು ಹಪ್ಪಳ ಒಣಗಿಸುವ ಮಂಚ ಮಾಡಿಸಿಕೊಂಡಳು. ನಾವು ಏನು ಮಾರುತ್ತಿದ್ದೇವೆಂಬುದು ಅವಳಿಗೆ ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ, ಕಟ್ಟಿಗೆ ಮಾತ್ರ ಬಹಳ ಹಿಡಿಸಿತು.

ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಫೋನುಗಳು ಬರುವುದು ಕಡಿಮೆಯಾಯಿತು. ಜಗಳವಿಲ್ಲ, ದೂರಿಲ್ಲ, ಒಬ್ಬೊಬ್ಬರೇ ಸುಮ್ಮನೆ ಆಟದಿಂದ ಹೊರಗಾದರು. ಒಬ್ಬರಿಗೆ ಮೊಣಕಾಲು ನೋವು. ಮತ್ತೊಬ್ಬರು ಲಡಾಖಿಗೆ ಹೋಗುವ ದೊಡ್ಡ ಬೈಕು ಕೊಂಡರು. ಹೊಸ ಹುಡುಗರಿಗೆ ಒಂದೇ ಬಂಡೆಯ ಮುಂದೆ ಇಡೀ ಮುಂಜಾನೆ ಬೀಳುತ್ತ ಏಳುತ್ತ ಕಳೆಯುವ ತಾಳ್ಮೆ ಇರಲಿಲ್ಲ, ಬೇಕಿದ್ದದ್ದು ಮೊಬೈಲಿಗೆ ಹಾಕುವ ಒಂದು ನಿಮಿಷದ ಜಿಗಿತ. ಸುಂಕ ಏರಿತು. ಕಾರ್ಖಾನೆಯವರು ಬಿಡಿಯಾಗಿ ಕಳಿಸುವುದಿಲ್ಲ, ಕೊಂಡರೆ ಹಲವು ಬೈಕುಗಳ ಇಡೀ ಗಂಟನ್ನೇ ಕೊಳ್ಳಬೇಕು ಎಂದರು. ಎಲ್ಲಕ್ಕಿಂತ ದೊಡ್ಡ ಪೆಟ್ಟೆಂದರೆ ಪುಣೆಯ ಆ ಖಣಿ ಮಾರಾಟವಾಗಿ ಪ್ಲಾಟುಗಳಾದದ್ದು. ಆಡಲು ಜಾಗವೇ ಇಲ್ಲದ ಮೇಲೆ ಬೈಕನ್ನು ಯಾರು ಕೊಳ್ಳುತ್ತಾರೆ?

ಹತ್ತಿರದಲ್ಲೇ ಗಿರಾಕಿ ಹುಡುಕೋಣವೆಂದು ಅಫಜಲಪುರದ ಒಂದು ಕಾಲೇಜು ಮೈದಾನದಲ್ಲಿ ತಮ್ಮ ಪ್ರದರ್ಶನ ಇಟ್ಟ. ಟ್ರ್ಯಾಕ್ಟರಿನ ಟ್ರಾಲಿ ತರಿಸಿ ನೆಲದಿಂದ ಒಂದೇ ನೆಗೆತಕ್ಕೆ ಅದರ ಮೇಲೆ ಹತ್ತಿದ, ಅಲ್ಲಿಂದ ಸಿಮೆಂಟಿನ ಪೈಪಿನ ಮೇಲೆ ಇಳಿದ. ಜನ ಸಿಳ್ಳೆ ಹೊಡೆದರು. ಮುಗಿದ ಮೇಲೆ ನಾನು ಮೇಜು ಹಾಕಿಕೊಂಡು ಕೂತೆ. ಒಬ್ಬೊಬ್ಬರೇ ಬಂದರು.

"ಎಷ್ಟ್ ಆವರೇಜ್ ಕೊಡ್ತದ್ರಿ ಅಕ್ಕಾರ?"

"ಇದು ರೋಡಿಗಲ್ರಿ, ಆಟಕ್ಕ."

"ಮತ್ತ ಹೊಲಕ್ಕ ಗೊಬ್ಬರದ ಚೀಲ ಒಯ್ಯಾಕ ಬರ್ತದೇನ್ರಿ?"

ಕೇಳಿದವರಲ್ಲಿ ಕುಚೋದ್ಯವಿರಲಿಲ್ಲ. ಬೈಕು ಅಂದ ಮೇಲೆ ಮನೆಗೆ ಏನಾದರೂ ಉಪಯೋಗಕ್ಕೆ ಬರಬೇಕೆಂದು ಅವರು ಕೇಳಿದ್ದರು, ಅಷ್ಟೆ. ವಾಪಸು ಬರುವಾಗ ಭೀಮಾ ಸೇತುವೆ ದಾಟಿದ ಮೇಲೆ ನಾನು ಗಾಡಿ ನಿಲ್ಲಿಸಿ ತಮ್ಮನಿಗೆ ಕಬ್ಬಿನ ಹಾಲು ಕುಡಿಸಿದೆ.

ಕೊನೆಯ ಗಂಟು ಬಂದಾಗ ಬಂದರಿನಲ್ಲೇ ಸಿಕ್ಕಿಕೊಂಡಿತು. ಹೊಸದಾಗಿ ಬಂದ ಒಬ್ಬ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿ ನೋಡಿ, ಸುಂಕ ಉಳಿಸಲು ಬೈಕನ್ನು ಬಿಚ್ಚಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಬಿಡಿಭಾಗವೆಂದು ತರಿಸುವ ಹುನ್ನಾರ ಇರಬಹುದು ಎಂದು ತಡೆಹಿಡಿದಿದ್ದರು. ನಾನೂ ತಮ್ಮನೂ ರಾತ್ರಿ ಬಸ್ಸು ಹತ್ತಿ ಹೋದೆವು. ಅಧಿಕಾರಿ ಒಳ್ಳೆಯವರೇ, ಬಿಸಿಲಿಗೆ ಬೆವರುತ್ತ ನಿಂತಿದ್ದರು. ಹಿಂದಿಯಲ್ಲಿ ನೇರವಾಗಿ ಕೇಳಿದರು, "ಮೇಡಂ, ಸೀಟು ಎಲ್ಲಿ? ಬೇರೆ ಪೆಟ್ಟಿಗೆಯಲ್ಲಿ ತರಿಸುತ್ತಿದ್ದೀರಾ?"

"ಇದಕ್ಕೆ ಸೀಟೇ ಇರೋದಿಲ್ಲ ಸರ್."

"ಸೀಟಿಲ್ಲದ ಬೈಕನ್ನು ಯಾರಾದರೂ ಮಾಡುತ್ತಾರೆಯೇ? ಮನುಷ್ಯ ಹೇಗೆ ಓಡಿಸಬೇಕು?"

ಕಾರ್ಖಾನೆಯ ಕ್ಯಾಟಲಾಗು ತೋರಿಸಿದೆ. ಚಿತ್ರದಲ್ಲಿ ಏನು ಬೇಕಾದರೂ ತೋರಿಸಬಹುದು ಎಂದರು. ಆಗ ತಮ್ಮ ಒಂದು ನಿಮಿಷ ಕೊಡಿ ಎಂದು ಕೇಳಿ, ಹಮಾಲರ ಸಹಾಯದಿಂದ ಒಂದು ಬೈಕು ಹೊರಗೆ ತೆಗೆದು ಚಕ್ರ, ಹ್ಯಾಂಡಲ್ ಜೋಡಿಸಿದ. ಟ್ಯಾಂಕಿನಲ್ಲಿ ಹನಿ ಪೆಟ್ರೋಲಿಲ್ಲ. ಅವನು ಚಪ್ಪಲಿ ಬಿಟ್ಟು, ಎರಡೂ ಕಾಲು ಬೈಕಿನ ಫುಟ್‌ರೆಸ್ಟಿನ ಮೇಲಿಟ್ಟು ನಿಂತ. ಸುಮ್ಮನೆ ನಿಂತ. ಬೈಕು ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ, ವಾಲಲೂ ಇಲ್ಲ. ಮುಂದಿನ ಚಕ್ರ ಮಾತ್ರ ಕೂದಲೆಳೆಯಷ್ಟು ಆ ಕಡೆ ಈ ಕಡೆ ಆಡುತ್ತಿತ್ತು. ಶೆಡ್ಡಿನಲ್ಲಿ ಚೀಲ ಹೊರುತ್ತಿದ್ದವರು ಚೀಲ ಇಳಿಸಿ ಬಂದು ನಿಂತರು. ಒಬ್ಬ ಹಿರಿಯ ಹಮಾಲ, "ಉಸಿರಾಡೋ ಮಾರಾಯ," ಅನ್ನುವ ಅರ್ಥದ ಮರಾಠಿ ಮಾತು ಹೇಳಿದ, ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು.

"ಸರಿ, ಇದು ಪೂರ್ತಿ ವಾಹನವೇ," ಅಂದರು. "ಆದರೆ ನನ್ನ ಮಾತೊಂದರ ಮೇಲೆ ಬಿಡಲು ಆಗುವುದಿಲ್ಲ. ಮೇಲಿನವರಿಗೆ ಬರೆಯುತ್ತೇನೆ."

ಅವರು ಬರೆದರು, ನಿಜ. ಉತ್ತರ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಮೊದಲೇ ಬೈಕು ಹೇಳಿಟ್ಟಿದ್ದ ಇಬ್ಬರು ಬೇಡವೆಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಕಾಯಿಸಿದ್ದು ನಾವು. ಸರಕು ಜೇವರ್ಗಿಗೆ ಬಂದು ಗೋದಾಮಿನಲ್ಲಿ ಪೆಟ್ಟಿಗೆಯಲ್ಲೇ ಉಳಿಯಿತು. ಅದೇ ಹೊತ್ತಿಗೆ ಕಾರ್ಖಾನೆಯಿಂದ ಒಂದು ಸಭ್ಯವಾದ ಮೇಲ್ ಬಂತು. ಇನ್ನು ಮುಂದೆ ನಿಮ್ಮ ದೇಶಕ್ಕೆ ಕಳಿಸುವ ಯೋಚನೆಯಿಲ್ಲ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ವಂದನೆ. ಅದನ್ನು ಓದಿ ನನಗೆ ಮೊದಲು ಅನಿಸಿದ್ದು ಹಗುರ, ದುಃಖ ಬಂದದ್ದು ಆಮೇಲೆ. ತಮ್ಮನಿಗೆ ಓದಿ ಹೇಳಿದಾಗ ಅವನು ಬೈಕು ಟೆಂಪೊದಲ್ಲಿ ಹಾಕಿಕೊಂಡು ನರೋಣಾ ಹತ್ತಿರದ ಕಲ್ಲುಹಳ್ಳಕ್ಕೆ ಹೋದವನು ಕತ್ತಲಾದ ಮೇಲೆ ಬಂದ. ಮೊಣಕೈ ತರಚಿತ್ತು. ಅರಿಸಿನ ಹಚ್ಚಿದೆ.

ಆ ದಿನಗಳಲ್ಲೇ ಹಿರೋಳ್ಳಿಯಿಂದ ಒಬ್ಬರು ಬಂದರು. ಅರವತ್ತರ ಆಸುಪಾಸಿನ ರೈತರು, ಹಣೆಯ ಮೇಲೆ ವಿಭೂತಿ, ಜೊತೆಗೆ ಹೆಂಡತಿ. ಟ್ರ್ಯಾಕ್ಟರಿನ ಫಿಲ್ಟರ್ ಕೊಳ್ಳಲು ಬಂದವರು ಶೆಟರಿನ ಬದಿಗೆ ನಿಲ್ಲಿಸಿದ್ದ ಬೈಕು ನೋಡಿ ಅಲ್ಲೇ ನಿಂತುಬಿಟ್ಟರು. ಕುರ್ಚಿ ಹಾಕಿದೆ. ಅವರು ಕೂಡಲಿಲ್ಲ.

"ನನಗ ಕೂಡಾಕ ಬರಂಗಿಲ್ಲ ತಂಗಿ. ಬೆನ್ನಿಂದು ಆಪರೇಷನ್ ಆಗ್ಯದ. ನಿಂದ್ರಾಕ ಬರ್ತದ, ನಡ್ಯಾಕ ಬರ್ತದ. ಕುಂತೆ ಅಂದ್ರ ಜೀವ ಹೋಗ್ತದ. ಬಸ್ಸಿನಾಗೂ ನಿಂತೇ ಬಂದೇನಿ." ಆಮೇಲೆ ಬೈಕಿನ ಕಡೆ ಕೈ ತೋರಿಸಿದರು. "ಇದಕ್ಕ ಸೀಟ್ ಇಲ್ಲಲ್ಲ. ಇದು ನನ್ನಂಥವರಿಗೆ ಮಾಡಿದ್ದೇನು?"

ಇಷ್ಟು ವರ್ಷಗಳಲ್ಲಿ ಆ ಬೈಕನ್ನು ತನಗಾಗಿಯೇ ಮಾಡಿದ್ದು ಅಂದುಕೊಂಡವರು ಅವರೊಬ್ಬರೇ. ಗೋದಾಮಿನಲ್ಲಿ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಒಂದಾದರೂ ಹೋದರೆ ಎಷ್ಟು ಚೆನ್ನ ಎಂದು ಮನಸ್ಸು ಹೇಳಿತು. ಆದರೂ ಅಂದೆ:

"ಕಾಕಾ, ಇದು ಭಾಳ ಕುಲುಕ್ತದ. ನಿಮ್ಮ ಬೆನ್ನಿಗೆ ಛಲೋ ಅಲ್ಲ. ನಾ ಮಾರಂಗಿಲ್ಲ."

"ಅಂಗಡಿ ಇಟ್ಕೊಂಡು ಮಾರಂಗಿಲ್ಲ ಅಂತೀಯಲ್ಲಾ!"

"ಡಾಕ್ಟರನ್ನ ಕೇಳಿ ಬರ್ರಿ. ಹೂಂ ಅಂದ್ರ ನೋಡೋಣ."

ಅವರ ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದರು. ತಮ್ಮನಿಗೆ ಏನನಿಸಿತೋ, ಇಂಜಿನ್ ಶುರು ಮಾಡುವುದಿಲ್ಲ, ಬರೀ ನಿಂತು ನೋಡಲಿ ಎಂದ. ಅವನು ಹ್ಯಾಂಡಲ್ ಹಿಡಿದ, ನಾನು ಹಿಂದಿನ ಚಕ್ರಕ್ಕೆ ಆತುಕೊಂಡು ನಿಂತೆ. ಹೆಂಡತಿ ಗಂಡನ ತೋಳು ಹಿಡಿದರು. ಹಿರಿಯರು ಧೋತರ ಎತ್ತಿ ಕಟ್ಟಿ ಮೆಲ್ಲಗೆ ಒಂದೊಂದೇ ಕಾಲಿಟ್ಟು ನಿಂತರು. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಅವರು ನೆಟ್ಟಗೆ ಎದುರು ನೋಡುತ್ತ ನಿಂತರು, ಆಮೇಲೆ ಒಮ್ಮೆಲೇ ನಗತೊಡಗಿದರು. ಅವರ ನಗುವಿಗೆ ಬೈಕು ಅಲುಗಿ ನಾವೆಲ್ಲ ಒಟ್ಟಿಗೆ ತತ್ತರಿಸಿದೆವು.

ಇಳಿಸಿದ ಮೇಲೆ ಹೆಂಡತಿ ನನ್ನ ಹತ್ತಿರ ಬಂದು ಮೆಲುದನಿಯಲ್ಲಿ ಹೇಳಿದರು, "ಯವ್ವಾ, ಆಪರೇಷನ್ ಆದಮ್ಯಾಲ ಇವರು ಹಿಂಗ ನಕ್ಕಿದ್ದು ನಾ ನೋಡಿಲ್ಲ. ಖರೇ ಹೇಳ್ತೇನಿ, ಡಾಕ್ಟರ್ ಬ್ಯಾಡ ಅನ್ಲಿ ಅಂತನೂ ಬೇಡ್ಕೊಳ್ಳಾಕತ್ತೇನಿ, ಹೂಂ ಅನ್ಲಿ ಅಂತನೂ ಬೇಡ್ಕೊಳ್ಳಾಕತ್ತೇನಿ."

ಡಾಕ್ಟರು ಬೇಡವೆಂದರು. ಬೇಡ ಅಂದದ್ದಷ್ಟೇ ಅಲ್ಲ, ಬೈದರಂತೆ. ಅದನ್ನು ತಿಳಿಸಲು ಹಿರಿಯರೇ ಫೋನು ಮಾಡಿದರು. ದನಿ ಬಿದ್ದುಹೋಗಿತ್ತು. ಆಮೇಲೆ ಅವರು ಕೇಳಿದರು, "ಅಲ್ಲ ತಂಗಿ, ಆ ಬೈಕ್ ಇದ್ದೋರು ಅದನ್ನ ಎಲ್ಲಿ ಹೊಡಿತಾರ?"

"ಎಲ್ಲಿ ಹೊಡೀಬೇಕು ಕಾಕಾ, ಜಾಗಾನೇ ಇಲ್ಲ. ಪುಣೆದಾಗ ಇದ್ದದ್ದು ಪ್ಲಾಟ್ ಆಯ್ತು."

"ನಂದೊಂದು ಕಲ್ಲಗುಡ್ಡ ಅದ. ಏನೂ ಬೆಳೆಂಗಿಲ್ಲ. ನಮ್ಮಪ್ಪನ ಕಾಲದಿಂದ ಅದಕ್ಕ ಬೈಯ್ಕೋತ ಬಂದೇವಿ. ನಿನ್ನ ತಮ್ಮಗ ಒಂದ್ಸಲ ಬಂದು ನೋಡು ಅನ್ನು."

ತಮ್ಮ ಮರುದಿನವೇ ಹೋದ. ಗುಡ್ಡದ ಮೇಲಿನಿಂದಲೇ ಫೋನು ಮಾಡಿದ. ಗಾಳಿಯ ಸದ್ದಿನಲ್ಲಿ ಅವನ ಅರ್ಧ ಮಾತು ಕೇಳಲಿಲ್ಲ, ಆದರೆ ಅವನು ಖುಷಿಯಲ್ಲಿ ಕೂಗುತ್ತಿದ್ದಾನೆ ಎಂಬುದು ತಿಳಿಯಿತು. ಕರಿಕಲ್ಲಿನ ಮೆಟ್ಟಿಲುಗಳಂಥ ಬಂಡೆಗಳು, ನಡುವೆ ಒಣಗಿದ ತೊರೆ, ನೆರಳಿಗೆ ಎರಡು ಬೇವಿನ ಮರ. ಮಹಾರಾಷ್ಟ್ರದ ಗಡಿ ಅಲ್ಲಿಂದ ಕೂಗಳತೆ.

ಹಳೆಯ ಗಿರಾಕಿಗಳಿಗೆಲ್ಲ ಸುದ್ದಿ ಕಳಿಸಿದೆ. ಮೊದಲ ಸಲ ಬಂದವರು ಬೆರಳೆಣಿಕೆಯಷ್ಟು ಜನ. ಸೋಲಾಪುರದಿಂದ ಒಂದು ಜೀಪು, ಪುಣೆಯಿಂದ ಒಂದು ಟೆಂಪೊ. ಹಿಂದಿನ ದಿನ ಆಳಂದದ ಲಾಡ್ಜಿನಲ್ಲಿ ಉಳಿದು ಬೆಳಿಗ್ಗೆ ಬಂದರು. ಮೊಣಕಾಲು ನೋವಿನವರೂ ಬಂದಿದ್ದರು, ಆಡಲಿಕ್ಕಲ್ಲ, ನೋಡಲಿಕ್ಕೆ. ನೋಡುತ್ತ ನೋಡುತ್ತ ತಡೆಯಲಾಗದೆ ಒಬ್ಬರ ಬೈಕು ಇಸಿದುಕೊಂಡು ಸಣ್ಣ ಬಂಡೆಯೊಂದನ್ನು ಹತ್ತಿಯೇಬಿಟ್ಟರು.

ಈ ಆಟಕ್ಕೆ ಪ್ರತಿ ಬಂಡೆಯ ಬಳಿ ಒಬ್ಬರು ನಿಂತು ಯಾರು ಕಾಲು ಊರಿದರು ಎಂದು ನೋಡಬೇಕಾಗುತ್ತದೆ. ಇಡೀ ದಿನ ನಿಲ್ಲಬೇಕು, ಬಿಸಿಲಿನಲ್ಲಿ. ಯಾರೂ ಒಪ್ಪದ ಕೆಲಸ. ಹಿರಿಯರು ಅದನ್ನು ತಾವಾಗಿಯೇ ಕೇಳಿ ಪಡೆದರು. ಈಗ ಯಾವಾಗ ಸೇರಿದರೂ ಕಷ್ಟದ ಬಂಡೆಗೆ ಅವರೇ. ತಲೆಗೆ ಟವೆಲ್ಲು ಸುತ್ತಿಕೊಂಡು ಕಣ್ಣು ಮಿಟುಕಿಸದೆ ನಿಲ್ಲುತ್ತಾರೆ.

ವ್ಯಾಪಾರ ಮಾತ್ರ ತಿರುಗಿ ಬರಲಿಲ್ಲ. ಗೋದಾಮಿನಲ್ಲಿದ್ದ ಬೈಕುಗಳು ಒಂದೊಂದಾಗಿ, ಸಿಕ್ಕ ಬೆಲೆಗೆ ಹೋದವು. ಅಂಗಡಿಯ ಬೋರ್ಡು ಮತ್ತೆ ಅಪ್ಪನ ಕಾಲದ್ದಾಯಿತು. ನಾನು ಬೆಳಿಗ್ಗೆ ಕ್ಲಚ್ ಪ್ಲೇಟು, ಬೇರಿಂಗು ಮಾರುತ್ತೇನೆ, ಅದರಲ್ಲಿ ನನಗೇನೂ ಬೇಸರವಿಲ್ಲ. ತಮ್ಮ ಹಿಂದಿನ ಕೋಣೆಯಲ್ಲಿ ಹಳೆಯ ಟ್ರಯಲ್ಸ್ ಬೈಕುಗಳನ್ನು ರಿಪೇರಿ ಮಾಡುತ್ತಾನೆ. ಹೊಸವು ಬರುವುದಿಲ್ಲವಾದ್ದರಿಂದ ಇದ್ದವನ್ನೇ ಜೀವಂತ ಇಡಬೇಕು. ಕೊಯಮತ್ತೂರಿನಿಂದಲೂ ಪಾರ್ಸೆಲ್ಲಿನಲ್ಲಿ ಇಂಜಿನ್ನುಗಳು ಬರುತ್ತವೆ. ಇದು ಇನ್ನೆಷ್ಟು ವರ್ಷವೋ ಅವನಿಗೂ ಗೊತ್ತಿಲ್ಲ.

ಕಳೆದ ಚಳಿಗಾಲದಲ್ಲಿ ನಾನೂ ಹಿರೋಳ್ಳಿಗೆ ಹೋಗಿದ್ದೆ. ಹಿರಿಯರ ಹೆಂಡತಿ, ಈಗ ನಮ್ಮೆಲ್ಲರ ಕಾಕಿ, ಬೇವಿನ ನೆರಳಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟು ಎಲ್ಲರನ್ನೂ ಕೂಗುತ್ತಿದ್ದರು. ತಮ್ಮ ಕಷ್ಟದ ಬಂಡೆ ಹತ್ತಿ ಇಳಿದ. ಹಿರಿಯರು ಕೈ ಎತ್ತಿದರು.

"ಕಾಲ್ ಊರಿದಿ."

"ಇಲ್ರಿ ಕಾಕಾ! ಬೂಟ್ ಕಲ್ಲಿಗೆ ಸವರ್ತು, ಊರಿಲ್ಲ."

"ಸವರಿದ್ರೂ ಊರಿದಂಗೇ."

"ಅಕ್ಕಾ, ನೀ ನೋಡಿದಿಲ್ಲೋ, ಹೇಳು!"

ನಾನು ರೊಟ್ಟಿ ಮುರಿಯುತ್ತಿದ್ದೆ. ನೋಡಿರಲಿಲ್ಲ, ಹಾಗೆಂದೇ ಹೇಳಿದೆ. ತಮ್ಮ ಗೊಣಗುತ್ತ ಬೈಕು ತಿರುಗಿಸಿಕೊಂಡು ಮತ್ತೆ ಬಂಡೆಯ ಬುಡಕ್ಕೆ ಹೋದ. ಹಿರಿಯರು ಎರಡು ಹೆಜ್ಜೆ ಮುಂದೆ ಬಂದು, ಅವನ ಕಾಲ ಮೇಲೆ ಕಣ್ಣಿಟ್ಟು, "ಹೂಂ, ಈಗ ಬಾ," ಅಂದರು.