ಎರಡು ಬಾಯಿಯ ಒಲೆ

ಆಗ ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿನ ಅಂಟು ಬಿಡಿಸಲು ಅದನ್ನು ಸವಳು ಮಣ್ಣಿನ ನೀರಿನಲ್ಲಿ ಕುದಿಸುತ್ತಿದ್ದರು. ಕುದಿಸಿದ ಮೇಲೆ ತೊಳೆಯಲು ಬಿಸಿನೀರು ಬೇಕು. ಅದಕ್ಕೆ ಇನ್ನೊಂದು ಒಲೆ. ಇಷ್ಟೊಂದು ಸೌದೆ ಯಾಕೆ ಸುಡಬೇಕು, ಉಳಿಸುವ ದಾರಿ ನೋಡು ಎಂದು ರೇಷ್ಮೆ ಇಲಾಖೆಯ ನಮ್ಮ ಕಚೇರಿಯವರು ನನ್ನನ್ನು ಕಳಿಸಿದರು. ಬಣ್ಣ ಹಾಕುವ ತಿಪ್ಪಯ್ಯನ ಹಿತ್ತಲಲ್ಲಿ ನಾನು ಎರಡು ಬಾಯಿಯ ಒಲೆ ಕಟ್ಟಿಸಿದೆ. ಮುಂದಿನ ಬಾಯಿಯಲ್ಲಿ ನೂಲು ಬೇಯುವಾಗ, ಹಿಂದಕ್ಕೆ ಹಾಯುವ ಉರಿಯಲ್ಲೇ ತೊಳೆಯುವ ನೀರೂ ಕಾಯುತ್ತಿತ್ತು. ನೀರು ಕಾಯಿಸುವ ಹಳೇ ಒಲೆ ಆರಿತು. ನಾನು ಬೀಗುತ್ತ ಚಳ್ಳಕೆರೆಯ ಗಾಡಿ ಹತ್ತಿದೆ.

ಮಳೆಗಾಲ ಕಳೆದು ಮತ್ತೆ ಹೋದರೆ ಎರಡೂ ಒಲೆ ಧಗಧಗ ಉರಿಯುತ್ತಿವೆ. ಹೊಸ ಒಲೆಯ ಹಿಂದಿನ ಬಾಯಿಯ ಮೇಲೆ ಹುರುಳಿಕಾಳಿನ ಗಡಿಗೆ. ಪಕ್ಕದಲ್ಲಿ ಸರದಿ ಕಾಯುತ್ತ ಇನ್ನಷ್ಟು ಗಡಿಗೆಗಳು.

"ಇದೇನವ್ವಾ?" ಎಂದು ತಿಪ್ಪಯ್ಯನ ತಾಯಿ ಗೌರವ್ವನನ್ನು ಕೇಳಿದೆ.

"ಉರಿ ಹೆಂಗೂ ಹಿಂದಕ್ಕೆ ಹೋಗ್ತೈತಲ್ಲ ಸ್ವಾಮಿ, ಓಣಿಯೋರು ಕಾಳು ಬೇಯಾಕೆ ಇಟ್ಟು ಹೋಗ್ತಾರೆ."

"ಹಂಗಾದ್ರೆ ತೊಳೆಯೋ ನೀರು?"

"ಅದಕ್ಕೇ ಹಳೇ ಒಲೆ ಹಚ್ಚೀವಿ."

"ಸೌದೆ ನಿಮ್ಮದಲ್ವಾ? ಬೇಡ ಅನ್ನಬಾರದಾ?"

ಗೌರವ್ವ ನನ್ನ ಮುಖವನ್ನೇ ನೋಡಿದರು. "ಕೆಂಡ ಕೇಳಾಕೆ ಬಂದೋರ್ನೇ ಬರಿಗೈಲಿ ಕಳಿಸಲ್ಲ. ಗಡಿಗೆ ಹೊತ್ಕೊಂಡು ಬಂದೋರ್ನ ಕಳಿಸ್ತೀವಾ? ನಿಮ್ಮೂರಾಗೆ ಕಳಿಸ್ತಾರೇನ್ರಿ?"

ಅಷ್ಟರಲ್ಲಿ ನನ್ನ ಮುಂದೆ ಮುದ್ದೆ, ಹುರುಳಿ ಸಾರು ಬಂತು. ಹೊಟ್ಟೆ ತುಂಬ ಉಂಡೆ.

ಕಚೇರಿಗೆ ಮರಳಿದಾಗ ಸಾಹೇಬರು, ಹೊಸ ಒಲೆಯಲ್ಲಿ ಉರಿ ದಂಡವಾಗುತ್ತದೆಯೇ ಎಂದು ಕೇಳಿದರು. "ಒಂದಿಷ್ಟೂ ಇಲ್ಲ" ಎಂದೆ. ಸೌದೆ ಎಷ್ಟು ಉಳಿಯಿತೆಂಬ ಮಾತು ಬರುವಷ್ಟರಲ್ಲಿ, ಪುಣ್ಯಕ್ಕೆ, ಅವರಿಗೂ ಊಟದ ಹೊತ್ತಾಗಿತ್ತು.