ಏಳು ರೊಟ್ಟಿಯ ಸಪ್ಪಳ

ಹೈದರಾಬಾದಿನಲ್ಲಿ ಹನ್ನೆರಡು ವರ್ಷ ಮನೆಗೆಲಸ ಮಾಡಿದ ಗದ್ದೆಮ್ಮನಿಗೆ ಒಂದು ಸುಖ ಅಂಟಿಬಿಟ್ಟಿತ್ತು. ಅಲ್ಲಿ ಯಾರ ಉಸಾಬರಿಯೂ ಯಾರಿಗೂ ಬೇಕಿರಲಿಲ್ಲ. ಗೋಡೆಯಾಚೆಯ ಜೈನಾಬೀಗೆ ಇವಳ ಹೆಸರು ತಿಳಿಯಲು ಮೂರು ವರ್ಷ ಹಿಡಿದಿತ್ತು. ಗಂಡ ಸತ್ತ ಮೇಲೆ ಪಾಮನಕಲ್ಲೂರಿನ ಖಾಲಿ ತವರುಮನೆಗೆ ಬಂದಳು ನೋಡಿ, ಗಾಡಿ ಇಳಿಯುವ ಮೊದಲೇ ಅವಳ ಗಂಟಿನಲ್ಲಿ ಎಷ್ಟು ಸೀರೆ ಇವೆಯೆಂದು ಬಾವಿಕಟ್ಟೆಗೆ ಗೊತ್ತಾಗಿತ್ತು.

ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಅವಳ ತಮ್ಮ ದುರುಗಪ್ಪ ಮಸ್ಕಿಯ ಸಂತೆಯಲ್ಲಿ ಮೂರು ಬಣ್ಣದ ಬಾವುಟ ಏರಿಸಿ ಓಡಿಬಂದ. ನಿಜಾಮನ ಪೊಲೀಸರು ಬೆನ್ನು ಹತ್ತಿದ್ದರು. ಗದ್ದೆಮ್ಮ ಅವನನ್ನು ಹೊಟ್ಟಿನ ಕೋಣೆಯಲ್ಲಿ ಬಚ್ಚಿಟ್ಟು, ಕಿಂಡಿಗೆ ಗೋಣಿಚೀಲ ತುರುಕಿದಳು. ಜಾಣೆಯೇ. ಆದರೆ ಪಟ್ಟಣದಲ್ಲಿದ್ದು ಒಂದನ್ನು ಮರೆತಿದ್ದಳು.

ನಾಲ್ಕನೆಯ ದಿನ ಬಾವಿಯಲ್ಲಿ ಪಕ್ಕದ ಮನೆಯ ಮುದುಕಿ ಪಕೀರಮ್ಮ ಮುಖ ನೋಡದೆ ಕೇಳಿದಳು: "ಮೂರು ರೊಟ್ಟಿ ಬಡೀತಿದ್ದಿ. ಈಗ ಏಳು ಬಡಿಯಾಕತ್ತಿ. ಹಸಿವು ಹೆಚ್ಚಾಗ್ಯಾದೇನವ್ವ?"

ಗದ್ದೆಮ್ಮ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಮನೆಗೆ ನಡೆದಳು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಮಣ್ಣಿನ ಗೋಡೆ ಯಾವ ಲೆಕ್ಕ. ಪಕೀರಮ್ಮನ ಬಾಯಿಯೋ, ಊರ ಡಂಗುರ. ಅಂದಿನಿಂದ ಕೆಂಡ ಕೇಳಲು ಬಂದವಳ ಮೇಲೂ ಅನುಮಾನ, ಸುಮ್ಮನೆ ನಕ್ಕವಳ ಮೇಲೂ ಅನುಮಾನ. ಮತ್ತೆ ಮೂರೇ ಬಡಿದು, ತಮ್ಮನಿಗೆ ಎರಡು ಕೊಟ್ಟು, ತಾನು ಒಂದರಲ್ಲಿ ದಿನ ನೂಕಿದಳು. ಹಸಿವಿಗಿಂತ ಆ ಮುದುಕಿಯ ಮೇಲಿನ ಸಿಟ್ಟೇ ಹೊಟ್ಟೆಯನ್ನು ಹೆಚ್ಚು ಸುಟ್ಟಿತು.

ಎರಡು ದಿನಕ್ಕೆ ಪೊಲೀಸ್ ಜವಾನ ಬಂದ. ಬಂದವನು ನೇರ ಪಕೀರಮ್ಮನ ಕಟ್ಟೆಯ ಮೇಲೆ ಕೂತ. ಊರ ಗುಟ್ಟು ಎಲ್ಲಿ ಸಿಗುತ್ತದೆಂದು ಸರ್ಕಾರಕ್ಕೂ ಗೊತ್ತು. ಪಕ್ಕದ ಮನೆಯಲ್ಲಿ ಎಷ್ಟು ಜನ ಎಂದು ಅವನು ಕೇಳಿದ್ದು ಕದದ ಹಿಂದೆ ನಿಂತ ಗದ್ದೆಮ್ಮನಿಗೆ ಕೇಳಿಸಿತು.

"ಒಬ್ಬಾಕಿನ ಅದಾಳ್ರಿ," ಎಂದಳು ಪಕೀರಮ್ಮ. "ಮೂರು ರೊಟ್ಟಿ ಬಡೀತಾಳ. ನಾ ದಿನಾ ಎಣಸ್ತೀನಿ. ಬೇಕಾದ್ರ ಓಣಿ ಮಂದೀನ ಕೇಳ್ರಿ."

ಓಣಿಯೂ ಅದನ್ನೇ ಹೇಳಿತು. ಜವಾನ ಎದ್ದು ಹೋದ.

ಗದ್ದೆಮ್ಮನಿಗೆ ಆಗಲೂ ನಂಬಿಕೆ ಬರಲಿಲ್ಲ. ಇದಕ್ಕೆ ಬದಲಾಗಿ ಮುದುಕಿ ಏನು ಕೇಳುತ್ತಾಳೋ ಎಂದು ಕಾದಳು. ಸಂಜೆ ಪಕೀರಮ್ಮ ಬಂದು ಹೊಸ್ತಿಲಲ್ಲೇ ನಿಂತಳು.

"ನಾಳಿಂದ ನಾ ಬಡಿಯೋವಾಗ ನೀನೂ ಬಡಿ. ಎರಡು ಮನಿ ಸಪ್ಪಳ ಕೂಡಿದ್ರ ಯಾರಿಗೂ ಎಣಸಾಕ ಬರಂಗಿಲ್ಲ. ಹುಡುಗ ಅರೆಹೊಟ್ಟಿ ಇರಬಾರದು."

ಮರುದಿನ ಬೆಳಗ್ಗೆ ಗೋಡೆಯಾಚೆ ಸಪ್ಪಳ ಶುರುವಾಯಿತು. ಗದ್ದೆಮ್ಮ ಹಿಟ್ಟಿನ ಮೇಲೆ ಕೈಯಿಟ್ಟು, ಅನುಮಾನದಿಂದಲೇ, ತಾನೂ ಎಣಿಸಿದಳು. ಒಂಟಿ ಮುದುಕಿ, ಎರಡು ರೊಟ್ಟಿಯ ಹೊಟ್ಟೆ. ಎರಡಾಯಿತು, ಮೂರಾಯಿತು, ಸಪ್ಪಳ ನಿಲ್ಲಲಿಲ್ಲ; ಇವಳ ಸಪ್ಪಳ ಮುಚ್ಚಲೆಂದೇ ಮುದುಕಿ ಬಡಿಯುತ್ತಲೇ ಇದ್ದಳು. ಐದನೆಯದಕ್ಕೆ ಗದ್ದೆಮ್ಮ ಅಳುತ್ತ ತನ್ನ ರೊಟ್ಟಿ ಬಡಿಯತೊಡಗಿದಳು.